ಧ್ರುವಪ್ರಭೆ ನೋಡಲು ಹೋದ ಕಣ್ಣು

ಮೊದಲ ಚಿತ್ರದಲ್ಲಿ ಉಂಗುರ ಪೂರ್ತಿಯಾಗಿ ಕಂಡಿತ್ತು. ಗಣೇಶನ ಹಬ್ಬ ಕಳೆದ ಮರುವಾರ. ಕ್ಯಾಮೆರಾ ಕಟ್ಟಿದ ಮಾಚೇನಹಳ್ಳಿಯ ಶೆಡ್ಡಿಗೆ ಬೆಳಗಿನ ಟೀ ಇನ್ನೂ ಬಂದಿರಲಿಲ್ಲ. ಕಪ್ಪು ತೆರೆಯ ನಡುವೆ, ಉತ್ತರ ಧ್ರುವವನ್ನು ಸುತ್ತಿಕೊಂಡು, ಬೂದುಬಿಳುಪಿನ ಒಂದು ಬಳೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ನೂಲಿನ ಎಳೆಯಷ್ಟು ಸಣ್ಣ. ಪ್ರಿಯದರ್ಶಿನಿ ಅದನ್ನು ಫೋನಿಗೆ ಹಾಕಿಕೊಂಡು ಮಧ್ಯಾಹ್ನ ಶಿವಮೊಗ್ಗದ ರವೀಂದ್ರನಗರದ ಮನೆಗೆ ಹೋಗಿ ಅಪ್ಪನಿಗೆ ತೋರಿಸಿದಳು. ಹಾಲಸ್ವಾಮಿಯವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಭೂಮಿತಾಯಿಗೆ ಪ್ರಭಾವಳಿ ಇಟ್ಟಿದಾರಲ್ಲ ಮಗಾ," ಅಂದರು.

ಅವರಿಗೆ ಪ್ರಭಾವಳಿ ಗೊತ್ತು. ಭದ್ರಾವತಿಯ ಕಾರ್ಖಾನೆಯಲ್ಲಿ ಅವರದು ಪ್ಯಾಟರ್ನ್ ಶಾಪಿನ ಕೆಲಸವಾಗಿತ್ತು. ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಕೆತ್ತಿಕೊಡುವುದು. ಗಾಲಿ, ಗೇರು, ಕೊಳಾಯಿಯ ಮೊಣಕೈಗಳನ್ನೇ ಕೆತ್ತಿದ ಕೈ ಒಮ್ಮೆ ಮಠದವರು ಕೇಳಿದರೆಂದು ದೇವರ ಹಿಂದೆ ನಿಲ್ಲಿಸುವ ಪ್ರಭಾವಳಿಯ ಮಾದರಿಯನ್ನು ಕೆತ್ತಿತ್ತು. ಹಿತ್ತಾಳೆಯಲ್ಲಿ ಎರಕವಾದ ಅದು ಇಂದಿಗೂ ಭದ್ರಾವತಿಯ ಮಠದಲ್ಲಿದೆ. ಸೋಮವಾರ ಸೋಮವಾರ ಅದರ ಮುಂದೆ ಕೂತೇ ಅವರು ಷಟ್ಪದಿ ಓದುವುದು.

ಆ ದಿನ ಪ್ರಿಯದರ್ಶಿನಿ ಊಟ ಬಿಟ್ಟು ಶೆಡ್ಡಿಗೆ ಓಡಿದಳು. ಎರಡನೆಯ ಚಿತ್ರ ಬಂತು, ಮೂರನೆಯದು ಬಂತು. ವಾರ ಕಳೆಯುವುದರಲ್ಲಿ ಉಂಗುರದ ಸಣ್ಣ ಭಾಗ ಮಾಯವಾಯಿತು. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ದಪ್ಪ ಭಾಗವೂ ಮಬ್ಬಾಗಿ, ಹಸಿಗೋಡೆಯ ಮೇಲಿನ ಕಲೆಯಂತೆ ಕಂಡಿತು. ಪ್ರಭೆ ಕಡಿಮೆಯಾಗಿರಲಿಲ್ಲ. ಬೇರೆ ದೇಶಗಳ ಉಪಗ್ರಹಗಳು ಅದೇ ದಿನಗಳಲ್ಲಿ ಅದೇ ಉಂಗುರ ಉರಿಯುತ್ತಿರುವುದನ್ನು ತೋರಿಸುತ್ತಿದ್ದವು. ಮಬ್ಬಾಗುತ್ತಿದ್ದುದು ಇವರು ಉಪಗ್ರಹದಲ್ಲಿ ಕಳಿಸಿದ್ದ ಕ್ಯಾಮೆರಾದ ಕಣ್ಣು.

ನೆಲದ ಮೇಲೆ ನಿಂತು ಧ್ರುವಪ್ರಭೆ ನೋಡುವವನಿಗೆ ಪರದೆಯ ಒಂದು ಮಡಿಕೆ ಮಾತ್ರ ಕಾಣುತ್ತದೆ. ಪತ್ರಿಕೆಯವರು ಅರೋರಾ ಎಂದು ಹಾಕುವ ಹಸಿರು ಚಿತ್ರಗಳೆಲ್ಲ ಅಂಥ ಮಡಿಕೆಗಳೇ. ಪೂರ್ತಿ ಉಂಗುರ ಕಾಣಬೇಕಾದರೆ ಮೇಲಿನಿಂದ ನೋಡಬೇಕು. ಬಿಸಿಲು ಬಿದ್ದ ಕಡೆಯೂ ಕಾಣಬೇಕಾದರೆ ಮನುಷ್ಯರ ಕಣ್ಣಿಗೆ ಸಿಗದ ಅತಿನೇರಳೆ ಬೆಳಕಿನಲ್ಲಿ ನೋಡಬೇಕು. ಆ ಬೆಳಕಿನಲ್ಲಿ ಸಮುದ್ರವೂ ನೆಲವೂ ಕಪ್ಪು, ಪ್ರಭೆ ಮಾತ್ರ ಹೊಳೆಯುತ್ತದೆ. ಆದರೆ ಅದು ಬಹಳ ಮಡಿಯ ಬೆಳಕು. ಕಿಟಕಿಯ ಗಾಜು ಕೂಡ ಅದಕ್ಕೆ ಗೋಡೆ. ಬೆರಳಿನ ಜಿಡ್ಡು, ಕೂದಲಿಗೆ ಹಚ್ಚಿದ ಎಣ್ಣೆಯ ಆವಿ, ಊದುಬತ್ತಿಯ ಹೊಗೆ, ಇವು ಕನ್ನಡಿಯ ಮೇಲೆ ನಮಗೆ ಕಾಣದಷ್ಟು ತೆಳ್ಳಗೆ ಕೂತರೂ ಕ್ಯಾಮೆರಾ ಕುರುಡಾಗುತ್ತದೆ. ನಮಗೆ ಆ ಕನ್ನಡಿ ಆಗಲೂ ಫಳಫಳ ಹೊಳೆಯುತ್ತಲೇ ಇರುತ್ತದೆ.

ಅದಕ್ಕೇ ಶೆಡ್ಡಿನಲ್ಲಿ ವೀಣಾಳ ಕಾನೂನು ನಡೆಯುತ್ತಿತ್ತು. ಕನ್ನಡಿಗಳನ್ನು ತೊಳೆದು ಜೋಡಿಸುವವಳು ಅವಳು. ಒಳಕೋಣೆಗೆ ಹೂ ಮುಡಿದು ಬರುವಂತಿಲ್ಲ, ಕುಂಕುಮ ಇಟ್ಟು ಬರುವಂತಿಲ್ಲ. ಆಯುಧಪೂಜೆಯ ದಿನ ಹೊರಗಿನ ಲೇತಿಗೂ ಡ್ರಿಲ್ಲಿಗೂ ಅರಿಶಿನ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆದರೂ ಒಳಕೋಣೆಯ ಬಾಗಿಲಿಗೆ ಒಂದು ಮಾವಿನೆಲೆಯನ್ನೂ ಅವಳು ಬಿಟ್ಟಿರಲಿಲ್ಲ. ಹಾಲಸ್ವಾಮಿಯವರು ಕ್ಯಾಮೆರಾ ನೋಡಲು ಬಂದಿದ್ದ ದಿನ, ಗಾಜಿನ ಆಚೆಯಿಂದಲೇ ನೋಡುವುದಾದರೂ, ಬಾಗಿಲಲ್ಲಿ ತಾವೇ ನಿಂತು ಒದ್ದೆ ಕರವಸ್ತ್ರದಿಂದ ಹಣೆಯ ವಿಭೂತಿ ಒರೆಸಿಕೊಂಡಿದ್ದರು. ಸ್ನಾನ ಬಿಟ್ಟರೆ ಅವರ ಹಣೆ ಬರಿದಾದದ್ದನ್ನು ಮಗಳು ಕಂಡದ್ದು ಅದೊಂದೇ ಸಲ. ಇಂಥ ಮುದುಕರು ಊರಿಗೊಬ್ಬರು ಇದ್ದಿದ್ದರೆ ನನ್ನ ಕೆಲಸ ಅರ್ಧ ಇಳೀತಿತ್ತು ಎಂದು ವೀಣಾ ಎಲ್ಲರೆದುರು ಹೊಗಳಿದ್ದಳು. ಅಪ್ಪನಿಗೆ ಆ ಮಾತು ಒಂದು ಶಾಲು ಹೊದಿಸಿದಷ್ಟಾಗಿತ್ತು.

ಪ್ರಿಯದರ್ಶಿನಿ ಮುಂದೆ ನಿಂತು ನಡೆಸಿದ ಆರು ವರ್ಷದ ಕೆಲಸ. ಹೊಸನಗರ ತೀರ್ಥಹಳ್ಳಿಯ ಕಡೆಯಿಂದ ಬಂದ ಹುಡುಗರು, ಬಿಟ್ಟು ಹೋದವರು, ಉಳಿದವರು. ಉಳಿದವರಲ್ಲಿ ಮೊದಲಿನಿಂದಲೂ ಇದ್ದವರು ಅವಳು, ವೀಣಾ ಇಬ್ಬರೇ. ಉಪಗ್ರಹ ಬೆಂಗಳೂರಿನ ಸಂಸ್ಥೆಯೊಂದರದು. ಅದರ ಮುಖ್ಯಸ್ಥರು ಯಜ್ಞನಾರಾಯಣ ಎಂಬ ಹಿರಿಯರು. ಅವರ ಉಪಗ್ರಹದ ಮೂಲೆಯಲ್ಲಿ ಇವರ ಕ್ಯಾಮೆರಾಕ್ಕೆ ಒಂದು ಗೂಡು ಸಿಕ್ಕಿತ್ತು. ಸೂರ್ಯ ಹನ್ನೊಂದು ವರ್ಷಕ್ಕೊಮ್ಮೆ ಕೆರಳುತ್ತಾನೆ. ಅವನು ಕೆರಳಿದಾಗಲೇ ಪ್ರಭೆಯ ನಿಜವಾದ ಕುಣಿತ. ಆ ಕಾಲ ಬಂದು ಇಳಿಮುಖಕ್ಕೆ ತಿರುಗಿತ್ತು. ಈ ಕಣ್ಣು ಈಗ ಕಾಣದಿದ್ದರೆ ಪ್ರಿಯದರ್ಶಿನಿಗೆ ಇನ್ನೊಂದು ಸರದಿ ಇರಲಿಲ್ಲ. ಮುಂದಿನ ಸಲ ಸೂರ್ಯ ಕೆರಳುವಾಗ ಬೇರೆ ಯಾರದೋ ಕ್ಯಾಮೆರಾ ಮೇಲಿರುತ್ತದೆ.

ಕಳಿಸುವ ಹೊತ್ತಿಗೆ ಒಂದು ಎಡವಟ್ಟಾಗಿತ್ತು. ಕ್ಯಾಮೆರಾ ಸಾಗಿಸಲೆಂದು ಮಾಡಿಸಿದ್ದ ಲೋಹದ ಡಬ್ಬಿಯ ಮುಚ್ಚಳ ಸೊಟ್ಟಗಿತ್ತು. ಹೊಸದು ಬರುವವರೆಗೆ ಕಾಯುವಂತಿರಲಿಲ್ಲ. ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸ್ಪಂಜು ಹಾಸಿದ ಮರದ ಪೆಟ್ಟಿಗೆಯಲ್ಲಿ ಇಡೋಣ ಎಂದು ಪ್ರಿಯದರ್ಶಿನಿಯೇ ತೀರ್ಮಾನಿಸಿದಳು. ಪೆಟ್ಟಿಗೆಯನ್ನು ಅಪ್ಪನಿಗೆ ಹೇಳಿದಳು. ಹಾಲಸ್ವಾಮಿಯವರು ಭದ್ರಾವತಿಯ ಹಳೆಯ ಸಂಗಾತಿಯ ಮರಗೆಲಸದ ಶೆಡ್ಡಿನಲ್ಲಿ ಕೂತು ಸಾಗುವಾನಿಯಲ್ಲಿ ಒಂದಲ್ಲ, ಎರಡು ಪೆಟ್ಟಿಗೆ ಮಾಡಿದರು. ಒಂದು ಹೋಗುವುದಕ್ಕೆ, ಇನ್ನೊಂದು ಪರೀಕ್ಷೆಗೆಂದು ಅದರಂತೆಯೇ ಮಾಡಿ ಶೆಡ್ಡಿನಲ್ಲೇ ಉಳಿಸಿಕೊಂಡ ಜೋಡಿ ಕ್ಯಾಮೆರಾಕ್ಕೆ. ಮೊಳೆಯಿಲ್ಲದ ಜೋಡಣೆ. ಮುಚ್ಚಳ ಹಾಕಿದರೆ ಒಳಗಿನ ಗಾಳಿ ಉಸ್ಸೆಂದು ಹೊರಬರುತ್ತಿತ್ತು. ಮೂಗು ಬಾಯಿಗೆ ಮಾಸ್ಕು ಕಟ್ಟಿಕೊಂಡೇ ಕ್ಯಾಮೆರಾಗಳನ್ನು ಅವುಗಳಲ್ಲಿಟ್ಟು ಮುಚ್ಚಿದರು.

ಉಪಗ್ರಹ ತಡವಾಯಿತು. ಪೆಟ್ಟಿಗೆ ಬೇಸಿಗೆಯೆಲ್ಲ ಬೆಂಗಳೂರಿನ ಉಗ್ರಾಣದಲ್ಲಿ ಕೂತಿತು. ಕೊನೆಗೆ ಅದನ್ನು ತೆರೆದ ದಿನ ಯಜ್ಞನಾರಾಯಣರು ಫೋನು ಮಾಡಿ, ಏನಮ್ಮಾ ನಿಮ್ಮ ಪೆಟ್ಟಿಗೆ ತೆಗೆದರೆ ಗರ್ಭಗುಡಿ ಬಾಗಿಲು ತೆಗೆದಂಗಾಯ್ತು ಎಂದು ನಕ್ಕಿದ್ದರು. ಅಪ್ಪಾಜಿ ಕೈಯಿನ ಮರ ಸಾರ್ ಎಂದು ಪ್ರಿಯದರ್ಶಿನಿಯೂ ನಕ್ಕಿದ್ದಳು.

ಈಗ ನಗುವವರು ಯಾರೂ ಇರಲಿಲ್ಲ. ದಸರೆ ಮುಗಿದ ಮೇಲೆ ವಿಡಿಯೋದಲ್ಲಿ ಸಭೆ ಸೇರಿತು. ಕನ್ನಡಿಯ ಮೇಲೆ ಏನೋ ಪೊರೆ ಕೂತಿದೆ, ದಿನದಿಂದ ದಿನಕ್ಕೆ ಬೆಳೆಯುತ್ತಿದೆ, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಯಾವ ಪೊರೆ, ಎಲ್ಲಿಂದ ಬಂತು ಎಂಬುದೇ ಪ್ರಶ್ನೆ. ಯಜ್ಞನಾರಾಯಣರು ಗದರುವ ಮನುಷ್ಯರಲ್ಲ. ತಣ್ಣಗೆ, ಕನ್ನಡಿಯನ್ನು ಕಡೆಯದಾಗಿ ತೊಳೆದವರು ಯಾರು ಎಂದು ಕೇಳಿದರು. ನಾನೇ ಎಂದಳು ವೀಣಾ. ಯಾವ ದ್ರಾವಣದಲ್ಲಿ, ಯಾವ ಬಟ್ಟೆಯಲ್ಲಿ, ಕೈಗವಸು ಯಾವಾಗ ಬದಲಿಸಿದ್ದು ಎಂದು ಕೇಳುತ್ತ ಹೋದರು. ಅವಳು ಹೇಳುತ್ತ ಹೋದಳು. ಪ್ರತಿ ಉತ್ತರವೂ ಸರಿಯಾಗಿತ್ತು; ಆದರೂ ಸಭೆ ಮುಗಿಯುವ ಹೊತ್ತಿಗೆ ಎಲ್ಲರ ಕಣ್ಣೂ ಅವಳ ಕೈಯ ಮೇಲೇ ಇತ್ತು.

ಹೊರಗೆ ಬಂದು ವೀಣಾ ನೀರಿನ ಟ್ಯಾಂಕಿನ ಪಕ್ಕ ನಿಂತಳು. ಪ್ರಿಯದರ್ಶಿನಿ ಏನಾದರೂ ಹೇಳಲೇಬೇಕೆಂದು, ತೊಳೆದ ಮೇಲೆ ಒಣಗಿಸುವಾಗ ಏನಾದರೂ ಆಗಿರಬಹುದಾ ಎಂದು ಮೆತ್ತಗೆ ಕೇಳಿದಳು.

"ನೀನೂ ಅದನ್ನೇ ಕೇಳು ಮಾರಾಯ್ತಿ," ಎಂದಳು ವೀಣಾ. "ಅವರು ಕೇಳಿದ್ದು ಅವರ ಡ್ಯೂಟಿ. ನೀನು ಕೇಳಿದ್ದು ಯಾಕೆ ಅಂತ ನಾನು ಮನೆಗೆ ಹೋಗಿ ಯೋಚನೆ ಮಾಡ್ತೀನಿ."

ಆಮೇಲೆ ಅವರಿಬ್ಬರ ನಡುವೆ ಕೆಲಸದ ಮಾತಷ್ಟೇ ಉಳಿಯಿತು. ಶೆಡ್ಡಿನಲ್ಲಿರುವ ಜೋಡಿ ಕ್ಯಾಮೆರಾವನ್ನು ನಿರ್ವಾತ ಪಾತ್ರೆಯಲ್ಲಿಟ್ಟು ಪರೀಕ್ಷಿಸಿದರೆ ನನ್ನ ಕೈ ಏನು ಮಾಡಿದೆ ಅಂತ ಗೊತ್ತಾಗತ್ತೆ, ಎರಡನ್ನೂ ತೊಳೆದದ್ದು ಇದೇ ಕೈ ಎಂದು ವೀಣಾ ಹಟ ಹಿಡಿದಿದ್ದಳು. ಆದರೆ ಆ ಪಾತ್ರೆಯಿಂದ ಗಾಳಿ ಹೀರುವ ಪಂಪು ಕೆಟ್ಟು ರಿಪೇರಿಗೆ ಹೋಗಿತ್ತು.

ಉಳಿದದ್ದು ಒಂದೇ ದಾರಿ. ಕನ್ನಡಿಯ ಹಿಂದೆ ಒಂದು ಸಣ್ಣ ಹೀಟರ್ ಇತ್ತು. ಅದನ್ನು ಹಚ್ಚಿ ಪೊರೆಯನ್ನು ಆವಿ ಮಾಡಿ ಓಡಿಸುವುದು. ಬಿಸಿ ಮಾಡುವ ದಿನ ಹಾಲಸ್ವಾಮಿಯವರು ತಾವಾಗಿಯೇ ಬೆಳಗ್ಗೆ ಪೂಜೆಗೆ ಹೆಚ್ಚು ಹೊತ್ತು ಕೂತರು. ಲಿಂಗ ಅಂಗೈಯಲ್ಲಿ, ತುಟಿ ಮಾತ್ರ ಅಲ್ಲಾಡುತ್ತಿತ್ತು. ಪ್ರಿಯದರ್ಶಿನಿ ಅವರನ್ನು ಕರೆಯದೆ ಬಾಗಿಲು ಎಳೆದುಕೊಂಡು ಹೋದಳು.

ಮರುದಿನದ ಚಿತ್ರದಲ್ಲಿ ಉಂಗುರದ ಒಂದು ತುಂಡು ಮರಳಿತು. ಶೆಡ್ಡಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ವೀಣಾ ತಟ್ಟಲಿಲ್ಲ. ಅದರಾಚೆಯ ದಿನ ಆ ತುಂಡು ಮತ್ತೆ ತೆಳ್ಳಗಾಯಿತು. ಇನ್ನೂ ಹೆಚ್ಚು ಬಿಸಿ ಮಾಡಿದರು. ಈ ಸಲ ಅಷ್ಟೂ ಬರಲಿಲ್ಲ. ಮೂರನೆಯ ಸಲ ಏನೂ ಬರಲಿಲ್ಲ. ಯಜ್ಞನಾರಾಯಣರು ಫೋನಿನಲ್ಲಿ ನಿಧಾನವಾಗಿ ವಿವರಿಸಿದರು. ಪೊರೆಯ ಮೇಲೆ ಸೂರ್ಯನ ಬಿಸಿಲು ಬಿದ್ದಿದೆ. ಬಿಸಿಲು ಬೀಳುವ ಮೊದಲಾಗಿದ್ದರೆ ಹಾರಿಹೋಗುತ್ತಿತ್ತೋ ಏನೋ. ಈಗ ಅದು ಬಾಣಲೆಗೆ ಸೀದು ಹತ್ತಿದ ಎಣ್ಣೆಯ ಹಾಗೆ, ತಿಕ್ಕಿದರೆ ಹೋಗಬೇಕೇ ವಿನಾ ಕಾಯಿಸಿದರೆ ಹೋಗುವುದಿಲ್ಲ. ತಿಕ್ಕುವುದಕ್ಕೆ ಅಲ್ಲಿ ಕೈ ಇಲ್ಲ.

"ಇನ್ನು ಕಾಯೋದು ಬೇಡಮ್ಮ," ಎಂದರು. "ಕಾರಣ ಸಿಕ್ಕಿದರೆ ಹೇಳಿ. ಮುಂದೆ ಮಾಡೋರಿಗಾದರೂ ಆಗತ್ತೆ."

ಅಂದು ಪ್ರಿಯದರ್ಶಿನಿ ಮಧ್ಯಾಹ್ನವೇ ಮನೆಗೆ ಬಂದಳು. ಹಾಲಸ್ವಾಮಿಯವರು ರೊಟ್ಟಿ ತಟ್ಟಿಟ್ಟು, ಬದನೆಕಾಯಿ ಎಣ್ಣೆಗಾಯಿ ಮಾಡಿ, ಮಗಳಿಗಾಗಿ ಕಾದಿದ್ದರು. ಹೆಂಡತಿ ಹೋದಮೇಲೆ ಅಡುಗೆ ಅವರದೇ. ಅವಳು ತಟ್ಟೆಯ ಮುಂದೆ ಕೂತು, ಇನ್ನು ಆಗಲ್ಲ ಅಪ್ಪಾಜಿ, ಅದು ಕಾಣಲ್ಲ ಎಂದಳು. ಅವರು ಎದುರು ಕೂತರು. ಮೊದಲಿನಿಂದಲೂ ಅವರು ಮಾತಿನ ಮನುಷ್ಯರಲ್ಲ, ಕೇಳುವ ಮನುಷ್ಯರು. ಓದುವಾಗ ಮಾತ್ರ ಅವರ ದನಿ ಏಳುತ್ತಿತ್ತು. ಅದೂ ತಮ್ಮದಲ್ಲದ ಪದಗಳಿಗೆ. ಅವಳ ತಟ್ಟೆಗೆ ರೊಟ್ಟಿ ಹಾಕಿ, ಸಮಾಧಾನಕ್ಕೆಂದು, ಒಂದು ಮಾತು ಹೇಳಿದರು.

"ದಾರೀಲಂತೂ ಏನೂ ಆಗಿರಲ್ಲ ಬಿಡು. ಹುಳ ಹುಪ್ಪಟೆ, ಥಂಡಿ, ಯಾವುದೂ ತಾಕಿರಲ್ಲ. ಕರ್ಪೂರ ಇಟ್ಟಿದ್ನಲ್ಲ."

ಪ್ರಿಯದರ್ಶಿನಿಯ ಕೈ ರೊಟ್ಟಿಯ ಮೇಲೆ ನಿಂತಿತು. ಎಲ್ಲಿ ಇಟ್ಟಿದ್ರಿ ಎಂದು ಕೇಳಿದಳು.

ಅವರು ಸರಾಗವಾಗಿ ಹೇಳಿದರು. ಪ್ಯಾಟರ್ನ್ ಶಾಪಿನಲ್ಲಿ ಮಾದರಿಗಳನ್ನು ಇಡುವ ಪೆಟ್ಟಿಗೆಗಳಿಗೆಲ್ಲ ಹಾಗೇ ಮಾಡುತ್ತಿದ್ದುದು. ಮೂಲೆಯ ಕಂಬದಲ್ಲಿ ಒಂದು ತೂತು ಕೊರೆದು, ಅದರಲ್ಲಿ ಕರ್ಪೂರ ತುಂಬಿ, ಮೇಲೆ ತೂತುತೂತಿನ ಹಿತ್ತಾಳೆ ಬಿಲ್ಲೆ ಕೂರಿಸುವುದು. ಎಷ್ಟು ವರ್ಷ ಇಟ್ಟರೂ ಕೊರೆಹುಳ ಬರುವುದಿಲ್ಲ. ನಾಲ್ಕು ಮೂಲೆಗೂ ತುಂಬಿದ್ದರು. ಅಂಗಡಿಯದಲ್ಲ, ಮಠದಲ್ಲಿ ಸೋಮವಾರ ದೇವರ ಮುಂದಿಟ್ಟು ಹಚ್ಚದೆ ಉಳಿಸಿಕೊಂಡು ಬಂದದ್ದು. ಏನನ್ನೂ ಹಚ್ಚುವಂತಿಲ್ಲ, ಹೊಗೆ ತಾಕಬಾರದು ಎಂದು ವೀಣಾ ಹೇಳಿದ್ದು ನೆನಪಿತ್ತು. ಅದಕ್ಕೇ ಹಾಗೇ ಇಟ್ಟೆ ಎಂದರು. ಕ್ಯಾಮೆರಾವನ್ನು ಮುಟ್ಟಲಿಲ್ಲ, ಪೆಟ್ಟಿಗೆಗೆ ಇಟ್ಟದ್ದು. ಕರ್ಪೂರ ಅಲ್ಲವೇ, ಕರಗಿದರೆ ಬೂದಿಯೂ ಉಳಿಯುವುದಿಲ್ಲ.

"ಎರಡಕ್ಕೂ ಇಟ್ಟಿದ್ರಾ?"

"ಎರಡಕ್ಕೂ," ಎಂದರು ಹಾಲಸ್ವಾಮಿ. "ಒಂದಕ್ಕೆ ಇಟ್ಟು ಒಂದಕ್ಕೆ ಬಿಡಕ್ಕಾಗತ್ತಾ?"

ಅವಳು ರೊಟ್ಟಿ ಮುಗಿಸಿದಳು. ಎಣ್ಣೆಗಾಯಿ ಚೆನ್ನಾಗಿದೆ ಎಂದಳು. ಕೈ ತೊಳೆದು ಸ್ಕೂಟಿ ಹತ್ತಿ ಮಾಚೇನಹಳ್ಳಿಗೆ ಹೋದಳು.

ಉಗ್ರಾಣದಲ್ಲಿ ಎರಡನೆಯ ಪೆಟ್ಟಿಗೆ ಗೋಡೆಯ ಪಕ್ಕ ಕೂತಿತ್ತು. ಮುಚ್ಚಳ ಎತ್ತಿದಾಗ ಮಠದ ಕಟ್ಟೆಯ ಮೇಲೆ ಕೂತ ಹಾಗಾಯಿತು. ಬಾಲ್ಯದ ಸೋಮವಾರಗಳೆಲ್ಲ ಆ ವಾಸನೆಯಲ್ಲಿದ್ದವು: ಅಪ್ಪನ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತದ್ದು, ಅಪ್ಪ ಬಾಯಿಪಾಠದಲ್ಲಿ ಓದುತ್ತ ಒಂದು ಪದ ತಪ್ಪಿದರೆ ಬೆರಳೆತ್ತಬೇಕಾದದ್ದು. ಬೆರಳೆತ್ತಿದರೆ ಅವರು ಎಷ್ಟೇ ಜನ ಕೂತಿರಲಿ ನಿಲ್ಲಿಸಿ, ಪದ್ಯದ ಮೊದಲಿಗೆ ಹೋಗಿ ಮತ್ತೆ ಓದುತ್ತಿದ್ದರು. ಒಮ್ಮೆ ಅವಳು ನಾಚಿಕೆಯಿಂದ ಸುಮ್ಮನಿದ್ದುಬಿಟ್ಟಿದ್ದಳು. ಮನೆಗೆ ಬರುವ ದಾರಿಯಲ್ಲಿ ಅಪ್ಪ ಹೇಳಿದ್ದು ಇಷ್ಟೇ: ತಪ್ಪಿದ್ದು ಓದಿದವನದು, ತಪ್ಪು ಹಾಗೇ ಉಳಿದದ್ದು ಕೇಳಿ ಸುಮ್ಮನಿದ್ದವನದು.

ಅವಳು ಮೂಲೆಯ ಹಿತ್ತಾಳೆ ಬಿಲ್ಲೆಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿದಳು. ತೂತಿನಲ್ಲಿ ಏನೂ ಇರಲಿಲ್ಲ. ನಾಲ್ಕೂ ಖಾಲಿ.

ವೀಣಾ ಬಂದು ಹಿಂದೆ ನಿಂತಿದ್ದಳು. ಅವಳಿಗೆ ಏನನ್ನೂ ಹೇಳಬೇಕಾಗಲಿಲ್ಲ. ಬಗ್ಗಿ ಸ್ಪಂಜಿಗೆ ಮೂಗು ಹಿಡಿದಳು, ಪ್ಲಾಸ್ಟಿಕ್ ಚೀಲ ಬಿಚ್ಚಿ ಒಳಗೆ ಮೂಗು ಹಿಡಿದಳು. ಚೀಲದೊಳಗೂ ಅದೇ ವಾಸನೆ ಇತ್ತು. ಪಂಪು ಹಿಂದಿನ ದಿನವಷ್ಟೇ ರಿಪೇರಿಯಾಗಿ ಬಂದಿತ್ತು. ಮರುದಿನ ಬೆಳಗ್ಗೆ ಇಬ್ಬರೂ ಜೋಡಿ ಕ್ಯಾಮೆರಾವನ್ನು ನಿರ್ವಾತ ಪಾತ್ರೆಯೊಳಗಿಟ್ಟು, ಅತಿನೇರಳೆ ದೀಪ ಹಚ್ಚಿ, ಎದುರು ಕೂತರು. ಮೊದಲು ದೀಪ ಚೆನ್ನಾಗಿ ಕಂಡಿತು. ಊಟದ ಹೊತ್ತಿಗೆ ಮಂಕಾಯಿತು. ಕ್ಯಾಮೆರಾದ ಒಳಗೋಡೆಯ ಕಪ್ಪು ಬಣ್ಣ, ಅಂಟು, ಎಲ್ಲವೂ ತಿಂಗಳುಗಟ್ಟಲೆ ಕುಡಿದಿದ್ದ ಆವಿ ಈಗ ಹೊರಗೆ ಬಂದು ತಣ್ಣನೆಯ ಕನ್ನಡಿಯ ಮೇಲೆ ಕೂರುತ್ತಿತ್ತು. ದೀಪದ ಬೆಳಕು ಅದನ್ನು ಅಲ್ಲೇ ಸೀಯಿಸುತ್ತಿತ್ತು. ಮೇಲೆ ವಾರಗಟ್ಟಲೆ ನಡೆದದ್ದು ಇಲ್ಲಿ ಒಂದು ಹಗಲಿನಲ್ಲಿ ನಡೆಯಿತು. ಸಂಜೆ ಪಾತ್ರೆ ತೆರೆದು ಕನ್ನಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದು ಫಳಫಳ ಹೊಳೆಯುತ್ತಿತ್ತು. ಇಬ್ಬರ ಮುಖವೂ ಅದರಲ್ಲಿ ಸ್ಪಷ್ಟವಾಗಿತ್ತು.

ವೀಣಾ ಸ್ಟೂಲಿನ ಮೇಲೆ ಕೂತಳು. "ರಾತ್ರಿ ಹಾಸಿಗೆ ಮೇಲೆ ಕೂತು ನನ್ನ ಕೈ ನಾನೇ ಮೂಸಿ ನೋಡ್ಕೊಂಡಿದೀನಿ ಕಣೇ. ಸೋಪು ಬದಲಾಯಿಸಿದೆ. ನಮ್ಮತ್ತೆ, ಇವಳಿಗೇನೋ ಹಿಡಿದಿದೆ ಅಂದ್ರು."

ಪೆಟ್ಟಿಗೆ ಮರದ್ದಾಗಲಿ ಅಂದದ್ದು ನಾನು ಎಂದಳು ಪ್ರಿಯದರ್ಶಿನಿ.

"ಅದನ್ನ ನನಗೆ ಹೇಳಬೇಡ. ಯಜ್ಞನಾರಾಯಣ ಸಾರಿಗೆ ಹೇಳು, ಇವತ್ತೇ ಹೇಳು." ವೀಣಾ ಎದ್ದು ಕೈಗವಸು ಬಿಚ್ಚಿದಳು. "ನಿಮ್ಮಪ್ಪನಿಗೆ ಹೇಳೋದು ಬಿಡೋದು ನಿನ್ನ ಕಷ್ಟ. ಅದಕ್ಕೆ ನನ್ನ ಕೇಳಬೇಡ."

ಫೋನಿನಲ್ಲಿ ಯಜ್ಞನಾರಾಯಣರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅವರು, ಆ ವಾಸನೆ ನನಗೂ ಬಂದಿತ್ತಮ್ಮ, ನಿಲ್ಲಿಸಿ ಕೇಳಬೇಕಾಗಿತ್ತು, ಶುಭ ಅಂದುಕೊಂಡೆ ಎಂದರು. ವೀಣಾಗೆ ತಾವೇ ಫೋನು ಮಾಡುವುದಾಗಿ ಹೇಳಿದರು; ಮಾಡಿದರು ಕೂಡ. ಅವಳು ಹೂಂ ಸಾರ್, ಹೂಂ ಸಾರ್ ಎಂದಷ್ಟೇ ಉತ್ತರಿಸಿದ್ದು ಪ್ರಿಯದರ್ಶಿನಿಗೆ ಬಾಗಿಲಾಚೆ ಕೇಳಿಸಿತು. ತಿಂಗಳ ಕೊನೆಗೆ ಅವಳು ಕೆಲಸ ಬಿಟ್ಟಳು. ಮನಸ್ತಾಪದಿಂದಲ್ಲ, ಶೆಡ್ಡಿನಲ್ಲಿ ಇನ್ನು ತೊಳೆಯುವ ಕನ್ನಡಿಗಳಿರಲಿಲ್ಲ.

ಅಪ್ಪನಿಗೆ ಹೇಳದೆಯೂ ಇರಬಹುದಿತ್ತು. ಹಾಗೆಂದು ಪ್ರಿಯದರ್ಶಿನಿ ಎರಡು ಸೋಮವಾರ ಕಳೆದಳು. ಹೇಳಿದರೆ ಕ್ಯಾಮೆರಾಕ್ಕೆ ಕಣ್ಣು ಬರುವುದಿಲ್ಲ. ಹೇಳದಿದ್ದರೆ ಅವರ ಮನಸ್ಸಿನಲ್ಲಾದರೂ ಒಂದು ಪ್ರಭಾವಳಿ ಉಳಿಯುತ್ತದೆ. ಆದರೆ ಅವಳು ಮನೆಯಲ್ಲಿ ಮಾತು ಕಡಿಮೆ ಮಾಡಿದ್ದಳು. ಬೆಳಗ್ಗೆ ಪೂಜೆಗೆ ಅವರು ಕರ್ಪೂರ ಹಚ್ಚುವ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಕೇಳುವ ಮನುಷ್ಯನಿಗೆ ಅಷ್ಟು ಸಾಕು.

ಕಾರ್ತಿಕದ ಕೊನೆಯ ಸೋಮವಾರ ಇಬ್ಬರೂ ಬಸ್ಸಿನಲ್ಲಿ ಭದ್ರಾವತಿಗೆ ಹೋದರು. ಓದಿಗೆ ಇನ್ನೂ ಹೊತ್ತಿತ್ತು. ಮಠದ ಅಂಗಳದ ಕಲ್ಲುಕಟ್ಟೆಯ ಮೇಲೆ ಹಾಲಸ್ವಾಮಿಯವರು ಶಲ್ಯ ಮಡಿಚಿ ತೊಡೆಯ ಮೇಲಿಟ್ಟುಕೊಂಡು ಕೂತರು. ಒಳಗೆ ಯಾರೋ ದೀಪದ ಸಾಲಿಗೆ ಎಣ್ಣೆ ಹಾಕುತ್ತಿದ್ದರು.

"ಎಲ್ಲೋ ತಪ್ಪು ಓದಿದೀನಿ ಅನ್ಸತ್ತೆ ಮಗಾ," ಎಂದರು ಅವಳ ಕಡೆ ನೋಡದೆ. "ನೀನು ಬೆರಳೆತ್ತುತಾ ಇಲ್ಲ."

ಪ್ರಿಯದರ್ಶಿನಿ ಹೇಳಿದಳು. ಸುತ್ತಿ ಬಳಸಿ ಹೇಳಲು ಬರಲಿಲ್ಲ. ಮೂಲೆಯ ತೂತು, ಬೇಸಿಗೆಯ ಉಗ್ರಾಣ, ಪ್ಲಾಸ್ಟಿಕ್ಕನ್ನು ದಾಟಿದ ಆವಿ, ಬಿಸಿಲಿಗೆ ಸೀದ ಪೊರೆ, ಇಷ್ಟನ್ನೂ ಸಭೆಯಲ್ಲಿ ಹೇಳಿದ ಹಾಗೆಯೇ ಹೇಳಿದಳು. ಪೆಟ್ಟಿಗೆ ಕೇಳಿದ್ದು ತಾನು, ಒಳಗೆ ಏನಿದೆ ಎಂದು ನೋಡದಿದ್ದವಳೂ ತಾನು ಎಂದಳು. ಆ ಮಾತನ್ನು ಅವರು ಕೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದರು, ನೊಣ ಓಡಿಸುವ ಹಾಗೆ.

"ತೊಳೆಯಕ್ಕೆ ಆಗಲ್ವಾ?"

"ಆಗಲ್ಲ ಅಪ್ಪಾಜಿ."

"ಆ ವೀಣಾ?"

ಅವಳ ಮೇಲಿನ ಅನುಮಾನ ತೊಳೆದುಹೋಗಿದೆ ಎಂದಳು. ಅವರು ತಲೆಯಾಡಿಸಿದರು. ಶಲ್ಯದ ಮಡಿಕೆ ಬಿಚ್ಚಿ ಮತ್ತೆ ಅದೇ ಮಡಿಕೆಗೆ ಮಡಿಚಿದರು. ಹೆಣ್ಣುಮಗಳು ನನ್ನ ಹೊಗಳಿದ್ಲು ಎಂದು ತಮಗೆ ತಾವೇ ಹೇಳಿಕೊಂಡರು.

ಒಳಗಿನಿಂದ ಕರೆ ಬಂತು. ಅವರು ಓದಿದರು. ಪ್ರಿಯದರ್ಶಿನಿ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತಳು. ಒಂದು ಪದವೂ ತಪ್ಪಲಿಲ್ಲ. ಬೆರಳೆತ್ತುವುದಕ್ಕೆ ಅವಳಿಗೆ ಒಂದು ತಪ್ಪಾದರೂ ಬೇಕಾಗಿತ್ತು. ಅವರ ದನಿ ತುಂಬಿದ ಹೊಳೆಯ ಹಾಗೆ ಮಟ್ಟಸವಾಗಿ ಸಾಗಿ, ಪದ್ಯ ಮುಗಿದಲ್ಲಿ ನಿಂತಿತು. ಮಂಗಳಾರತಿ ಆಯಿತು. ಹಿತ್ತಾಳೆಯ ಪ್ರಭಾವಳಿಯ ಅಂಚಿನ ಮೇಲೆ ಬೆಳಕು ಓಡಾಡಿತು. ತಟ್ಟೆ ಜನರ ನಡುವೆ ಬಂದಾಗ ಎಲ್ಲರೂ ಉರಿಯ ಮೇಲೆ ಅಂಗೈ ಆಡಿಸಿ ಕಣ್ಣಿಗೊತ್ತಿಕೊಂಡರು. ಹಾಲಸ್ವಾಮಿಯವರೂ ಕೈ ಚಾಚಿದರು. ಉರಿಯ ಮೇಲೆ ಹಿಡಿದರು, ಬಿಸಿ ತಾಕಿರಬೇಕು. ಆಮೇಲೆ ಆ ಕೈಗಳನ್ನು ಕಣ್ಣಿನವರೆಗೆ ಒಯ್ಯದೆ ತೊಡೆಯ ಮೇಲೆ ಇಟ್ಟುಕೊಂಡರು. ತಟ್ಟೆ ಹಿಡಿದಿದ್ದ ಮಠದ ಪೂಜೆಯ ಸಿದ್ದಯ್ಯನವರು ಒಂದು ಗಳಿಗೆ ಕಾದು, ಮುಂದಿನವರ ಕಡೆ ತಿರುಗಿದರು.

ವಾಪಸು ಬರುವ ಬಸ್ಸಿನಲ್ಲಿ ಅವರಿಗೆ ಕಿಟಕಿಯ ಸೀಟು ಸಿಕ್ಕಿತು. ಬಸ್ಸು ಸೇತುವೆ ದಾಟಿತು. ಪ್ರಿಯದರ್ಶಿನಿಯ ಫೋನು ಒಮ್ಮೆ ನಡುಗಿತು. ಕ್ಯಾಮೆರಾ ಇನ್ನೂ ತನ್ನ ಸರದಿಗೆ ಸರಿಯಾಗಿ ಚಿತ್ರ ಕಳಿಸುತ್ತಿತ್ತು. ಅವಳು ತೆರೆದು ನೋಡಿದಳು. ಅವರೂ ಬಗ್ಗಿ ನೋಡಿದರು. ಮೂಲೆಯಿಂದ ಮೂಲೆಗೆ ಒಂದೇ ಕಪ್ಪು.

"ಅದು ಇನ್ನೂ ಸುತ್ತುತಾನೇ ಇರತ್ತಾ?"

"ಇರತ್ತೆ. ತಾನಾಗಿ ಇಳಿದು ಉರಿದುಹೋಗೋ ತನಕ. ತುಂಬಾ ವರ್ಷ ಬೇಕು."

ಮಾಚೇನಹಳ್ಳಿಯ ನಿಲ್ದಾಣದಲ್ಲಿ ಬಸ್ಸು ನಿಂತಿತು. ಶಿಫ್ಟು ಮುಗಿಸಿದವರು ಹತ್ತಿದರು. ರಸ್ತೆಯಾಚೆ ಶೆಡ್ಡಿನ ಶಟರ್ ಎಳೆದಿತ್ತು. ಹಾಲಸ್ವಾಮಿಯವರು ಅತ್ತ ನೋಡಲಿಲ್ಲ. ಫೋನಿನ ಕಪ್ಪು ಚೌಕವನ್ನೇ ನೋಡುತ್ತಿದ್ದರು.

"ಪಾಪ, ಆಗಲ್ಲ ಅಂದಮೇಲೆ ಕಣ್ಣಾದರೂ ಮುಚ್ಚಿಬಿಡು ಮಗಾ. ಸುಮ್ಮನೆ ಯಾಕೆ ತೆರಕೊಂಡಿರಬೇಕು?"

"ಅದಕ್ಕೆ ಮುಚ್ಚೋ ಬಾಗಿಲಿಲ್ಲ ಅಪ್ಪಾಜಿ," ಎಂದಳು ಪ್ರಿಯದರ್ಶಿನಿ. "ಒಂದು ಸಲ ತೆರೆಯೋದಷ್ಟೇ ಇಟ್ಟಿದ್ದು."

ಕಂಡಕ್ಟರ್ ಶಿವಮೊಗ್ಗ ಶಿವಮೊಗ್ಗ ಎಂದು ಕೂಗಿ ಬಾಗಿಲು ಹಾಕಿದ. ಬಸ್ಸು ಹೊರಟಿತು.